ಟಗರು ಸಾಲದಿದ್ದರೆ ಸ್ಪಂಜು ಸೋಲುತ್ತದೆ: ನನ್ನ ಅನುಭವ

"ನಮ್ಮ ಕುರಿ ವರ್ಷವೆಲ್ಲಾ ಬೆದೆಗೆ ಬರ್ತಾವೆ, ಇವನಿಗೆ ಹಾರ್ಮೋನ್ ಹುಚ್ಚು." ಶಿರಾ ಕಡೆಯ ಕುರಿಗಾರರು ನನ್ನ ಬೆನ್ನ ಹಿಂದೆ ಹೇಳಿದ್ದು ಇದನ್ನೇ. ಮಾತು ಸುಳ್ಳಲ್ಲ. ಹಗಲು ಕಿರಿದಾಗಲಿ ಅಂತ ಕಾಯೋದು ಚಳಿ ದೇಶದ ಕುರಿಗಳು, ನಮ್ಮವಲ್ಲ. ಆದರೆ ಒಂದೊಂದು ಒಂದೊಂದು ದಿನ ಬೆದೆಗೆ ಬಂದರೆ ಮರಿಗಳೂ ಹಾಗೇ ಬರುತ್ತವೆ. ಲಸಿಕೆಗೆ ಹತ್ತು ಸಲ ಓಡಾಟ. ವ್ಯಾಪಾರಿ ಬಂದರೆ ದಪ್ಪ ಮರಿ ಆರಿಸಿಕೊಂಡು ಉಳಿದವನ್ನು ನಮ್ಮ ತಲೆಗೇ ಕಟ್ಟುತ್ತಾನೆ.

ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಬೆದೆಗೆ ತರಲು ನಾನು ಹಿಡಿದ ದಾರಿ ಸ್ಪಂಜು, ಅಂದರೆ ಕುರಿಯ ಯೋನಿಯೊಳಗೆ ಇಡುವ ಹಾರ್ಮೋನ್ ತುಂಬಿದ ಮೆತ್ತೆ. ಒಳಗಿರುವಷ್ಟು ದಿನ ಅದರ ಪ್ರೊಜೆಸ್ಟರಾನ್ ಅಂಡ ಬಿಡದಂತೆ ತಡೆಯುತ್ತದೆ. ತೆಗೆದರೆ ಎಲ್ಲವೂ ಒಟ್ಟಿಗೆ ಬೆದೆಗೆ. ನಾನು ತರಿಸಿದ್ದು ರಾಜಸ್ಥಾನದ ಅವಿಕಾನಗರದ ಕುರಿ ಸಂಶೋಧನಾ ಸಂಸ್ಥೆಯ ಅವಿಕೆಸಿಲ್-ಎಸ್. 12 ದಿನ ಒಳಗೆ, ತೆಗೆಯುವಾಗ ಅಂಡ ಬೆಳೆಸುವ ಹಾರ್ಮೋನ್ ಇಂಜೆಕ್ಷನ್, 200 ಯೂನಿಟ್ ಪಿಎಂಎಸ್‌ಜಿ. ಅಷ್ಟೇ.

ಮೊದಲ ಸಲ ಸುಮಾರು ನಲವತ್ತು ಕುರಿಗೆ ಹಾಕಿಸಿದೆ. ಸ್ಪಂಜು ತೆಗೆದ ಮಾರನೇ ದಿನ ಶೆಡ್ಡಿನಲ್ಲಿ ಜಾತ್ರೆ. ಟಗರು ಮಾತ್ರ ಎರಡು! ಸಂಜೆಯ ಹೊತ್ತಿಗೆ ಎರಡೂ ನಾಲಿಗೆ ಹೊರಗೆ ಹಾಕಿ ಮೂಲೆ ಸೇರಿದವು. ಗಬ್ಬ ನಿಂತದ್ದು ಹದಿನೈದೋ ಹದಿನಾರೋ. ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಹೋಯಿತು. ಎರಡನೇ ಸಲ ಟಗರು ಜಾಸ್ತಿ ಇದ್ದವು, ಇಂಜೆಕ್ಷನ್ ಕೈಕೊಟ್ಟಿತು. ಐಸ್‌ನಲ್ಲಿ ಬರಬೇಕಾದ ಬಾಟಲಿಯನ್ನು ಅಂಗಡಿಯವರು ಸುಮ್ನೆ ಕವರಿನಲ್ಲಿ ಹಾಕಿ ಬಸ್ಸಿಗೆ ಕೊಟ್ಟಿದ್ದರು. ಬೆದೆ ಚದುರಿಹೋಯಿತು. ಈಗ ಐಸ್ ಡಬ್ಬಿ ಹಿಡಿದು ನಾನೇ ಹೋಗಿ ತರುತ್ತೇನೆ.

ಮೂರನೇ ಸಲ ಐದು ಕುರಿಗೆ ಒಂದು ಟಗರಿನ ಲೆಕ್ಕ ಹಿಡಿದೆ. ಬೀಗರ ಮನೆಯಿಂದ, ಗೆಳೆಯರಿಂದ ಕೇಳಿ ತಂದೆ. ಕಂದು ಹಾಕಿಸುವ ಬ್ರುಸೆಲ್ಲಾ ರೋಗಕ್ಕೆ ರಕ್ತ ಪರೀಕ್ಷೆ ಆಗದ ಟಗರನ್ನು ಒಳಗೆ ಬಿಡಲಿಲ್ಲ. ಎರಡು ತಿಂಗಳು ಮೊದಲೇ ಅವಕ್ಕೆ ಹುರುಳಿ, ಮೆಕ್ಕೆಜೋಳದ ನುಚ್ಚು ಶುರು. ವೀರ್ಯ ತಯಾರಾಗಲು ಏಳು ವಾರದ ಹತ್ತಿರ ಬೇಕಲ್ಲ, ಹಿಂದಿನ ದಿನ ಮೇಯಿಸಿದರೆ ಏನು ಬಂತು? ಬಿಸಿಲಿಗೆ ವೀರ್ಯವೂ ಕೆಡುತ್ತದೆ, ಅದಕ್ಕೇ ಏಪ್ರಿಲ್-ಮೇನಲ್ಲಿ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಿಂಡನ್ನು ಎರಡು ತಂಡ ಮಾಡಿ, ಸ್ಪಂಜನ್ನು ಬೇರೆ ಬೇರೆ ದಿನ ತೆಗೆಸಿದೆ. ಯಾವುದು ಬೆದೆಗೆ ಬಂದಿದೆ ಅಂತ ತಿಳಿಯಲು, ಹಾರಿದರೂ ಕೂಡದಂತೆ ಹೊಟ್ಟೆಗೆ ಗೋಣಿ ಕಟ್ಟಿದ ಮುದಿ ಟಗರೊಂದನ್ನು ಒಳಗೆ ಬಿಟ್ಟು, ಅದಕ್ಕೆ ನಿಂತುಕೊಟ್ಟ ಕುರಿಯನ್ನಷ್ಟೇ ಹೊರಗೆ ತಂದು ಒಳ್ಳೆ ಟಗರಿಗೆ ಕೂಡಿಸಿದೆ. ಅರ್ಧ ದಿನ ಬಿಟ್ಟು ಮತ್ತೊಮ್ಮೆ. ಯಾವ ಟಗರಿಗೆ ಯಾವಾಗ ಬಿಡುವು ಅನ್ನೋದು ನನ್ನದೇ ಲೆಕ್ಕ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮಾರು 45 ಕುರಿಯಲ್ಲಿ ಮೂವತ್ತಕ್ಕೂ ಹೆಚ್ಚು ಐದು ತಿಂಗಳಿಗೆ ಸರಿಯಾಗಿ, ಒಂದೇ ವಾರದ ಆಚೀಚೆ ಮರಿ ಹಾಕಿದವು. ಗಬ್ಬ ನಿಲ್ಲದವು 17 ದಿನಕ್ಕೆ ಮತ್ತೆ ಒಟ್ಟಿಗೇ ಬೆದೆಗೆ ಬಂದಿದ್ದವು. ಕಡಿಮೆ ಇದ್ದುದರಿಂದ ಒಂದೆರಡು ಟಗರೇ ಸಾಕಾಯಿತು. ಸ್ಪಂಜು, ಇಂಜೆಕ್ಷನ್, ಡಾಕ್ಟರ್ ಎಲ್ಲ ಸೇರಿ ಕುರಿಗೆ 500 ರೂಪಾಯಿ ಬಿದ್ದಿರಬಹುದು. ಮರಿಗಳನ್ನು ಒಂದೇ ಲಾಟಿನಲ್ಲಿ ಮಾರಿದ್ದರಿಂದ ತಲೆಗೆ ಆರೇಳು ನೂರು ಜಾಸ್ತಿ ಸಿಕ್ಕಿತು. ನಕ್ಕವರಲ್ಲಿ ಇಬ್ಬರು ಈಗ ನನ್ನ ಶೆಡ್ಡಿಗೇ ಬಂದು ಕಲಿಯುತ್ತಿದ್ದಾರೆ.

ನಡುವೆ ನಾಲ್ಕೈದು ಕುರಿಗೆ ಪಿಎಂಎಸ್‌ಜಿ ದುಪ್ಪಟ್ಟು ಕೊಡಿಸಿ ನೋಡಿದೆ. ತ್ರಿವಳಿ ಬಂದವು, ಕೆಚ್ಚಲಲ್ಲಿ ಹಾಲು ಮಾತ್ರ ಒಂದು ಮರಿಯದ್ದು. ಮರಿಗಳಲ್ಲಿ ಅರ್ಧ ಸತ್ತವು. ಅವಳಿ ಬೇಕಿದ್ದರೆ ಅವಳಿ ಹಾಕುವ ತಳಿಯಾದ ನಾರಿ ಸುವರ್ಣದ ಟಗರು ತಂದು ಮುಂದಿನ ಪೀಳಿಗೆಗೆ ಕಾಯುವುದೇ ವಾಸಿ. ಸ್ಪಂಜು ತೆಗೆಯುವಾಗ ಕೆಟ್ಟ ವಾಸನೆಯ ನೀರು ಬರುವುದು ಸಾಮಾನ್ಯ, ಗಾಬರಿ ಬೇಡ. ಬರಿಗೈಲಿ ಮುಟ್ಟಬೇಡಿ, ಮನೆಯ ಹೆಂಗಸರಂತೂ ಗ್ಲೌಸ್ ಇಲ್ಲದೆ ಹತ್ತಿರ ಹೋಗಬಾರದು.

ಸ್ಪಂಜು ದುಬಾರಿ ಅಂತ ಬೆದೆ ತರಿಸುವ ಇನ್ನೊಂದು ಹಾರ್ಮೋನ್, ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ನನ್ನು ಹತ್ತು-ಹನ್ನೊಂದು ದಿನದ ಅಂತರದಲ್ಲಿ ಎರಡು ಸಲ ಕೊಡಿಸುವವರಿದ್ದಾರೆ. ಬೆದೆಯ ಚಕ್ರ ನಡೆಯುತ್ತಿರುವ ಕುರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಆಡು ಸಾಕುವವರು ಹುಷಾರು. ಗಬ್ಬದ ಆಡಿಗೆ ಅದು ಬಿದ್ದರೆ ಎಷ್ಟೇ ತಿಂಗಳಾಗಿದ್ದರೂ ಕಂದು ಹಾಕುತ್ತದೆ.

ಮುಂದಿನ ತಂಡ ಆಗಸ್ಟ್‌ಗೆ. ಪರೀಕ್ಷೆ ಆದ ಟಗರನ್ನು ಬಾಡಿಗೆಗೆ ಕೊಡುವವರಿದ್ದರೆ ತಿಳಿಸಿ, ಹುರುಳಿ ಖರ್ಚು ನನ್ನದು.