ಹೆಸರಿನ ಮೇಲೆ ಬೆರಳಿಟ್ಟು ಓದಿದೆ

ಯಕ್ಷಗಾನದ ಆ ಮದ್ದಳೆಗಾರರನ್ನು ಮೊದಲ ಸಲ ಸಂದರ್ಶಿಸಿದ್ದು ವಾಟ್ಸ್‌ಆ್ಯಪ್‌ನಲ್ಲಿ. ಹತ್ತು ಪ್ರಶ್ನೆ ಕಳಿಸಿದೆ. ಅವರ ಮಗಳು ಹತ್ತು ಉತ್ತರ ಟೈಪ್ ಮಾಡಿ ಕಳಿಸಿದಳು. ಈ ಕಲೆಯಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆ, ಮರೆಯಲಾಗದ ಘಟನೆ ಯಾವುದು, ಯುವಜನರಿಗೆ ನಿಮ್ಮ ಸಂದೇಶವೇನು. ಉತ್ತರಗಳೂ ಅದಕ್ಕೆ ತಕ್ಕವೇ: ಗುರುಗಳ ಆಶೀರ್ವಾದ, ಪ್ರೇಕ್ಷಕರ ಪ್ರೋತ್ಸಾಹ, ಸಂಸ್ಕೃತಿಯ ಉಳಿವು. ಪುರವಣಿಗೆ ಕಳಿಸುವ ಮುಂಚೆ ಅವರ ಹೆಸರಿನ ಮೇಲೆ ಬೆರಳಿಟ್ಟು ಓದಿದೆ. ಅಲ್ಲಿ ಭರತನಾಟ್ಯ ಕಲಾವಿದೆಯ ಹೆಸರಿದ್ದರೂ ನಡೆಯುತ್ತಿತ್ತು, ಕಬಡ್ಡಿ ಆಟಗಾರನದಿದ್ದರೂ ನಡೆಯುತ್ತಿತ್ತು. ಕಳಿಸಲಿಲ್ಲ.

ತಪ್ಪು ಅವರದಲ್ಲ. ಸಂದೇಶ ಕೇಳಿದವನಿಗೆ ಭಾಷಣವಲ್ಲದೆ ಇನ್ನೇನು ಸಿಗುತ್ತದೆ?

ಪತ್ತನಾಜೆ ಕಳೆಯಲಿ ಎಂದು ಕಾದೆ. ಮೇ 24ರ ಆಸುಪಾಸಿಗೆ ಬರುವ ಆ ದಿನ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ತಿರುಗಾಟದ ದಿನಗಳಲ್ಲಿ ರಾತ್ರಿ ಆಟ, ಹಗಲು ನಿದ್ದೆ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಹಿಡಿದು ಮಾತಾಡಿಸಿದರೆ ಆಕಳಿಕೆಯಷ್ಟೇ ಗಿಟ್ಟೀತು. ಕಾಯುವ ನಡುವೆ, ಮೇಳ ತಿರುಗುತ್ತಿದ್ದಾಗಲೇ, ಬೆಳಗಿನವರೆಗಿನ ಎರಡು ಆಟಗಳಿಗೆ ಹೋಗಿ ಕೂತೆ. ವೇಷಗಳ ಕಡೆ ಹೆಚ್ಚು ನೋಡಲಿಲ್ಲ. ಅವರ ಕೈಗಳನ್ನೇ ನೋಡಿದೆ.

ಜೂನ್‌ನಲ್ಲಿ ಮನೆಗೆ ಹೋದಾಗ ಹೊರಗೆ ಮಳೆ. ಕಾಫಿ ಬಂತು. “ನಡುರಾತ್ರಿ ಕಳೆದ ಮೇಲೆ ಪುಟ್ಟ ಸುತ್ತಿಗೆ ತೆಗೆದು ಮದ್ದಳೆಯ ಅಂಚಿಗೆ ಮತ್ತೆ ಮತ್ತೆ ತಟ್ಟುತ್ತಿದ್ದಿರಲ್ಲ, ಯಾಕೆ?” ಎಂದು ಕೇಳಿದೆ.

“ಅದನ್ನು ನೋಡಿದ್ರಾ ನೀವು?”

ಆಮೇಲೆ ನಲವತ್ತು ನಿಮಿಷ ನನಗೆ ಕೆಲಸವೇ ಇರಲಿಲ್ಲ. ಇಬ್ಬನಿಯ ತೇವ ಎಳೆದುಕೊಂಡ ಚರ್ಮ ಸಡಿಲವಾಗುತ್ತದೆ, ನಾದ ಇಳಿಯುತ್ತದೆ. ಪದ ಹಾಡುವ ಭಾಗವತರದು ಹಾಗಲ್ಲ. “ಭಾಗವತರ ಶ್ರುತಿ ಇಳಿಯುವುದಿಲ್ಲ, ಚರ್ಮ ಇಳಿಯುತ್ತದೆ. ಎರಡರ ನಡುವೆ ನಾನು ಉಂಟು.” ಅಲ್ಲಿಂದ ಮಾತು ತಾನಾಗಿ ಕಾಲಮಿತಿ ಆಟದತ್ತ ಹೊರಳಿತು. ಮಧ್ಯರಾತ್ರಿಯ ಹೊತ್ತಿಗೇ ಮಂಗಳ ಹಾಡಿದರೆ ಇಬ್ಬನಿ ಬೀಳುವ ಮೊದಲೇ ಮದ್ದಳೆ ಚೀಲ ಸೇರುತ್ತದೆ. ಬೆಳಗಿನ ಜಾವದ ಚರ್ಮ ಹೇಗಿರುತ್ತದೆ ಅಂತ ಹೊಸ ಹುಡುಗರಿಗೆ ಗೊತ್ತೇ ಇಲ್ಲ ಮಾರಾಯ್ರೆ, ಎಂದರು. ವಾಟ್ಸ್‌ಆ್ಯಪ್‌ನಲ್ಲಿ ಕಾಲಮಿತಿಯ ಬಗ್ಗೆ “ತಮ್ಮ ಅಭಿಪ್ರಾಯ” ಕೇಳಿದ್ದೆ. ಬಂದಿದ್ದ ಉತ್ತರ: ಕಾಲಕ್ಕೆ ತಕ್ಕಂತೆ ಕಲೆಯೂ ಬದಲಾಗಬೇಕು.

ಜೇಬಿನಲ್ಲಿದ್ದ ಹನ್ನೆರಡು ಪ್ರಶ್ನೆಗಳಲ್ಲಿ ಬಳಸಿದ್ದು ಮೂರು. ಉಳಿದದ್ದೆಲ್ಲ “ಆಮೇಲೆ?”, “ಅಂದ್ರೆ ಹೇಗೆ?” ಅಷ್ಟೆ. ಸುಮ್ಮನಿರುವುದು ಮಾತ್ರ ಇನ್ನೂ ಕಲಿತಿಲ್ಲ. ರೆಕಾರ್ಡಿಂಗ್ ಕೇಳುವಾಗ ಒಂದು ಕಡೆ ಅವರು “ಒಮ್ಮೆ ತಾಳ ತಪ್ಪಿತ್ತು...” ಎಂದು ನಿಲ್ಲಿಸಿದ್ದಾರೆ, ನಾನು ಪೆದ್ದನ ಹಾಗೆ ಮಧ್ಯೆ ಬಾಯಿ ಹಾಕಿ ಸಂಬಳದ ವಿಷಯ ಎತ್ತಿದ್ದೇನೆ. ಮರುದಿನ ಫೋನ್ ಮಾಡಿ ಆ ಎಳೆಯನ್ನು ಮತ್ತೆ ಹಿಡಿಯಬೇಕಾಯಿತು.

ಎರಡು ಗಂಟೆ ಹತ್ತು ನಿಮಿಷದ ಮಾತನ್ನು ಅಕ್ಷರಕ್ಕಿಳಿಸಲು ಮೂರು ದಿನ ಬೇಕಾಯಿತು. ಇದನ್ನು ಬೇರೆಯವರಿಗೆ ವಹಿಸುವುದಿಲ್ಲ. ದನಿ ಎಲ್ಲಿ ತಗ್ಗಿತು, ಎಲ್ಲಿ ನಕ್ಕರು ಅನ್ನುವುದು ಟೈಪ್ ಮಾಡುವ ಬೆರಳಿಗೇ ತಿಳಿಯುವುದು. ಅದರಲ್ಲಿ ಆರನೇ ಒಂದು ಭಾಗ ಉಳಿಸಿಕೊಂಡೆ. ಕೊನೆಯಲ್ಲಿ ಹೇಳಿದ್ದನ್ನು ಮೊದಲಿಗೆ ತಂದದ್ದೂ ಉಂಟು. ಆದರೆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದರ ಕೆಳಗೆ ಅಂಟಿಸುವುದಿಲ್ಲ, ಅದು ಮೋಸ. ನನ್ನ ಪ್ರಶ್ನೆಗಳ ಪೀಠಿಕೆಯೆಲ್ಲ ಕತ್ತರಿಗೆ ಹೋಯಿತು. ಮೂವತ್ತು “ಮಾರಾಯ್ರೆ”ಗಳಲ್ಲಿ ಮೂರನ್ನು ಉಳಿಸಿದೆ. ಎಲ್ಲವನ್ನೂ ಉಳಿಸಿದ್ದರೆ ಓದುಗರು ಅವರ ವಿದ್ಯೆ ಬಿಟ್ಟು ಭಾಷೆಗೆ ನಗುತ್ತಿದ್ದರು. ಪುರವಣಿಯಲ್ಲಿ ಯಾರೋ “ಉಂಟು”ಗಳನ್ನೆಲ್ಲ “ಇದೆ” ಮಾಡಿದ್ದರು. ಕೂತು ಒಂದೊಂದಾಗಿ ಹಿಂದಕ್ಕೆ ತಂದೆ.

ಅಚ್ಚಿಗೆ ಮುಂಚೆ ತೋರಿಸಬೇಕೇ ಅನ್ನುವುದು ಹಳೆಯ ಜಗಳ. 1953ರಲ್ಲಿ ಹುಟ್ಟಿದ ಪ್ಯಾರಿಸ್ ರಿವ್ಯೂ ಪತ್ರಿಕೆ ತಾನು ಸಂದರ್ಶಿಸಿದ ಲೇಖಕರಿಗೇ ಪ್ರತಿಯನ್ನು ತಿದ್ದಲು ಕೊಡುತ್ತದೆ. ಮಂತ್ರಿಯ ಸಂದರ್ಶನವಾದರೆ ನಾನಂತೂ ಕೊಡಲಾರೆ. ಜೀವಮಾನವಿಡೀ ಮಾಡಿದ ಕೆಲಸದ ಬಗ್ಗೆ ಮಾತಾಡಿದವರಿಗೆ ಮಾತ್ರ ಓದಿ ಹೇಳುತ್ತೇನೆ.

ಇವರಿಗೂ ಫೋನ್‌ನಲ್ಲಿ ಓದಿದೆ. ಸಂಬಳದ ಮಾತಿಗೆ ಬೇಡ ಅನ್ನಬಹುದೆಂದು ಹೆದರಿದ್ದೆ, ಅದಕ್ಕೆ ಹೂಂಗುಟ್ಟಿದರು. ತಾಳ ತಪ್ಪಿದ ಜಾಗಕ್ಕೆ ಬಂದಾಗ “ಅದು ಬೇಡ” ಅಂದರು. ನಾನು ವಾದಿಸಲಿಲ್ಲ, ಒಮ್ಮೆಯಾದರೂ ಸುಮ್ಮನಿದ್ದೆ. ಆ ಕಡೆ ಮಳೆಯ ಸದ್ದು ಕೇಳುತ್ತಿತ್ತು.

“ಹಾಗಾದರೆ ಇಷ್ಟು ಸೇರಿಸಿ,” ಎಂದರು ಸ್ವಲ್ಪ ಹೊತ್ತಿಗೆ. “ತಪ್ಪಿದ್ದು ನಾನು. ಭಾಗವತರು ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು, ಸಭೆಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಚೌಕಿಯಲ್ಲೂ ಅವರು ಒಂದು ಮಾತು ಆಡಲಿಲ್ಲ. ಅದನ್ನೂ ಬರೆಯಿರಿ.”