ಪದ್ಯ ಎತ್ತುವ ಹೊತ್ತು

ನಾನು ಯಕ್ಷಗಾನದ ಭಾಗವತಿಕೆ, ಅಂದರೆ ಹಾಡುಗಾರಿಕೆ, ಕಲಿಯುತ್ತಾ ಅದರ ಬಗ್ಗೆಯೇ ಸಂಶೋಧನೆ ಮಾಡುತ್ತಿರುವವಳು. ತಾಳಮದ್ದಳೆ ನನ್ನ ವಿಷಯ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಅದರ ಮೇಲೆ ಅಲ್ಲೇ ಮಾತು ಕಟ್ಟುತ್ತಾರೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಮೇಳಗಳ ತಿರುಗಾಟ ನಿಂತ ಮೇಲೆ ಇದರ ಸುಗ್ಗಿ.

ಮೊದಲ ವಿಚಾರ ಸಂಕಿರಣದಲ್ಲಿ 20 ನಿಮಿಷ ಪ್ರಬಂಧ ಓದಿದೆ. ಒಂದೂ ಪ್ರಶ್ನೆ ಬರಲಿಲ್ಲ. ಊಟಕ್ಕೆ ಎದ್ದಾಗ ಹಿರಿಯರೊಬ್ಬರು, "ಹಾಡ್ತೀರಂತಲ್ಲ, ಒಂದು ಪದ್ಯ ಹೇಳಿ" ಎಂದರು. ಕೈ ತೊಳೆಯುವ ಜಾಗದಲ್ಲೇ ನಿಂತು 'ಕರ್ಣಭೇದನ' ಪ್ರಸಂಗದ್ದು ಹೇಳಿದೆ. "ಕೊನೇ ಸಾಲು ಯಾಕೆ ಎಳೆದಿರಿ?" ಎಂದು ಕೇಳಿದರು. "ಮುಂದೆ ಮಾತಾಡುವ ಕರ್ಣನಿಗೆ ಸಂಕಟ ಬೇಕಲ್ವಾ, ಅದಕ್ಕೆ" ಎಂದೆ. ಸುತ್ತ ನಾಲ್ಕು ಜನ ಸೇರಿದರು. ಮಾತು ಅಲ್ಲಿ ಶುರುವಾಯಿತು.

ಆಮೇಲೆ ನಾನು ಭಾಷಣವನ್ನು ಹಾಡಿನಿಂದಲೇ ಶುರು ಮಾಡುತ್ತೇನೆ. ಒಂದೇ ಪದ್ಯವನ್ನು ಮೊದಲು ನಿಧಾನವಾಗಿ, ಆಮೇಲೆ ಬಿರುಸಾಗಿ ಹೇಳಿ, "ನೀವು ಕರ್ಣನಾಗಿದ್ದರೆ ಯಾವುದರ ಮೇಲೆ ಮಾತು ತೆಗೆಯುತ್ತಿದ್ದಿರಿ?" ಎಂದು ಕೇಳುತ್ತೇನೆ. ಹಾಡಿ ತಿಳಿದದ್ದನ್ನು ಹಾಡಿಯೇ ತೋರಿಸಬೇಕು. ಬರೀ ವಿವರಿಸಿದರೆ ಅದರ ಜೀವ ಹೋಗುತ್ತದೆ.

ಗೋಷ್ಠಿ ನಡೆಸುವುದು ಇದಕ್ಕಿಂತ ಕಷ್ಟ. ಒಮ್ಮೆ ಒಂದು ಗಂಟೆಯ ಗೋಷ್ಠಿಗೆ ಒಬ್ಬರು ಹಿರಿಯ ಅರ್ಥಧಾರಿ, ಒಬ್ಬರು ಮದ್ದಳೆಗಾರರು, ಒಬ್ಬ ಸಂಶೋಧಕಿ. 'ಕೃಷ್ಣಸಂಧಾನ' ಪ್ರಸಂಗ ಹಿಡಿದ ಅರ್ಥಧಾರಿಗಳು 25 ನಿಮಿಷವಾದರೂ ಬಿಡಲಿಲ್ಲ. ಚೀಟಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಆ ಹಿರಿತನಕ್ಕೆ ಅದು ಅವಮಾನ. ಭಾಗವತರು ಹೀಗೆ ಮಾತು ಕಡಿಯುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹಳೆಯ ಧ್ವನಿಮುದ್ರಣ ಕೇಳುವಾಗ ನಾನು ಅರ್ಥದ ಜೊತೆ ಇದನ್ನೂ ಗಮನಿಸುತ್ತೇನೆ. ವಾದ ತುಂಬಿ ನಿಂತ ಗಳಿಗೆ ನೋಡಿ ಭಾಗವತರು ಪದ್ಯ ಎತ್ತುತ್ತಾರೆ. ಮಾತು ತುಂಡಾದಂತೆ ಅನ್ನಿಸುವುದೇ ಇಲ್ಲ.

ನಾನೂ ಕಾದೆ. "ಅಲ್ಲಿ ಕೌರವ ಸುಮ್ಮನಾಗಬೇಕು, ಮದ್ದಳೆ ಮಾತಾಡಬೇಕು" ಎಂದರು ಅರ್ಥಧಾರಿಗಳು. "ಹಾಗಾದ್ರೆ ಮದ್ದಳೆಯನ್ನೇ ಕೇಳೋಣ ಗುರುಗಳೇ" ಎಂದು ಮೈಕನ್ನು ಆ ಕಡೆ ತಿರುಗಿಸಿದೆ. ಅವರು ನಕ್ಕು ಹಿಂದಕ್ಕೆ ಒರಗಿದರು.

ಹಿಂದಿನ ದಿನ ಫೋನ್ ಮಾಡಿದ್ದಾಗ ಮದ್ದಳೆಗಾರರು, "ನಂಗೆ ವೇದಿಕೆ ಮೇಲೆ ಮಾತು ಬರೋದಿಲ್ಲ ಮಾರಾಯ್ರೆ" ಎಂದಿದ್ದರು. "ಮದ್ದಳೆ ತನ್ನಿ, ಸಾಕು" ಎಂದಿದ್ದೆ. ಈಗ ಅವರು ಒಂದು ಮುಕ್ತಾಯ ನುಡಿಸಿದರು. ಇನ್ನೊಮ್ಮೆ ನುಡಿಸುವಾಗ ಒಂದು ಪೆಟ್ಟು ಬಿಟ್ಟರು. "ಇದನ್ನು ಬಿಟ್ಟರೆ ಅರ್ಥ ಹೇಳುವವರಿಗೆ ಉಸಿರು ತೆಗೆಯಲು ಜಾಗ ಸಿಕ್ಕುತ್ತದೆ" ಎಂದರು. ಅರ್ಥಧಾರಿಗಳು ತಟ್ಟನೆ ಅವರತ್ತ ತಿರುಗಿದರು. "ಇಷ್ಟು ವರ್ಷ ಅದು ನನ್ನದೇ ಉಸಿರು ಅಂತ ತಿಳಿದಿದ್ದೆ" ಎಂದರು.

ಈಗ ಗೋಷ್ಠಿಯಲ್ಲಿ ನಾನು ಜಾಸ್ತಿ ಟಿಪ್ಪಣಿ ಬರೆಯುವುದಿಲ್ಲ. ಒಬ್ಬೊಬ್ಬರ ಕೊನೆಯ ಮಾತು ಮಾತ್ರ ಗುರುತು ಹಾಕುತ್ತೇನೆ. ಮುಂದಿನವರಿಗೆ ದಾರಿ ಅದರಲ್ಲೇ ಇರುತ್ತದೆ. ಪರಿಚಯ ಎರಡೇ ವಾಕ್ಯ.

ಅವತ್ತು ಆ ಸಂಶೋಧಕಿಗೆ ಉಳಿದದ್ದು 9 ನಿಮಿಷ. ಆಕೆ ಏನೂ ಅನ್ನಲಿಲ್ಲ, ಆದರೆ ತಂದಿದ್ದ ಹಾಳೆಗಳಲ್ಲಿ ಅರ್ಧವನ್ನು ಸುಮ್ನೆ ಮಡಚಿಟ್ಟದ್ದು ಕಣ್ಣಿಗೆ ಬಿತ್ತು. ಮುಂದಿನ ಗೋಷ್ಠಿಯಲ್ಲಿ ಮೊದಲ ಮೈಕು ಕಿರಿಯರ ಕೈಗೆ ಕೊಟ್ಟೆ.