ಲೂಪಸ್‌ಗೆ ಡಿಎಚ್‌ಇಎ: ನನ್ನ ಅನುಭವ

ಲೂಪಸ್ ಅಂದರೆ ಮೈಯ ರೋಗನಿರೋಧಕ ಶಕ್ತಿ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ. ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ಇಲ್ಲದಿದ್ದರೆ ನನ್ನ ಲೂಪಸ್ ಹಿಡಿತಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಡೋಸ್ 10 ಮಿಲಿಗ್ರಾಂಗಿಂತ ಕೆಳಗೆ ಇಳಿಸಿದಾಗಲೆಲ್ಲ ಬೆರಳ ಗಂಟುಗಳು ಊದಿಕೊಳ್ಳುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ಕಸುವೇ ಉಳಿಯುತ್ತಿರಲಿಲ್ಲ. ಮೂಳೆ ಸವೆಯುತ್ತೆ, ಸಕ್ಕರೆ ಏರುತ್ತೆ ಅಂತ ಗೊತ್ತಿದ್ದೂ ಮತ್ತೆ ಏರಿಸಲೇಬೇಕಾಗುತ್ತಿತ್ತು. ಆಗ ನನ್ನ ರುಮಟಾಲಜಿಸ್ಟ್ (ಕೀಲುನೋವು, ಲೂಪಸ್ ಥರದ ಕಾಯಿಲೆ ನೋಡುವ ಡಾಕ್ಟರು) ಪ್ರಸ್ತಾಪಿಸಿದ್ದು ಡಿಎಚ್‌ಇಎ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಇದು ಅಂಗಡಿಯಲ್ಲಿ ವಿಟಮಿನ್ ಡಬ್ಬಿಗಳ ಪಕ್ಕದಲ್ಲೇ ಇರುತ್ತದೆ, ಡಾಕ್ಟರ ಚೀಟಿ ಬೇಕಿಲ್ಲ. ಹಾಗಂತ ಇದು ವಿಟಮಿನ್ ಅಲ್ಲ, ಹಾರ್ಮೋನು. ಕಿಡ್ನಿಗಳ ಮೇಲಿರುವ ನಮ್ಮ ಅಡ್ರಿನಲ್ ಗ್ರಂಥಿಗಳು ತಾವೇ ತಯಾರಿಸುವಂಥದ್ದು, ಮೈಯೊಳಗೆ ಒಂದಷ್ಟು ಈಸ್ಟ್ರೊಜೆನ್ (ಹೆಣ್ಣು ಹಾರ್ಮೋನು), ಒಂದಷ್ಟು ಟೆಸ್ಟೊಸ್ಟೆರಾನ್ (ಗಂಡು ಹಾರ್ಮೋನು) ಆಗಿ ಬದಲಾಗುತ್ತದೆ. ಲೂಪಸ್ ಇರುವ ಹೆಂಗಸರಲ್ಲಿ ಇದು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಇನ್ನೂ ಕಡಿಮೆ.

ಶುರು ಮಾಡುವ ಮೊದಲೇ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಡಿಎಚ್‌ಇಎ ಸಲ್ಫೇಟ್ (ಆ ಹಾರ್ಮೋನು ರಕ್ತದಲ್ಲಿರುವ ರೂಪ), ಕೊಲೆಸ್ಟ್ರಾಲ್, ಲಿವರ್, ಜೊತೆಗೆ ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿ. ಈ ಕೊನೆಯದು ಬಹಳ ಮುಖ್ಯ. ಅದು ಇರುವವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಇರುತ್ತದೆ, ಮೇಲಿಂದ ಈಸ್ಟ್ರೊಜೆನ್ ಸೇರಿಸುವುದು ಒಳ್ಳೆಯದಲ್ಲ. ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದೆಯಾ, ಮಗುವಿನ ಯೋಚನೆ ಇದೆಯಾ ಅಂತಲೂ ಕೇಳಿದರು.

ಅಧ್ಯಯನಗಳನ್ನೂ ನನ್ನ ಮುಂದಿಟ್ಟರು. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ದಿನಕ್ಕೆ 200 ಮಿಲಿಗ್ರಾಂ ಕೊಟ್ಟಿದ್ದರು. ಆಮೇಲೆ ಸ್ಟಿರಾಯ್ಡ್ ಬಿಡಲಾಗದ 191 ಹೆಂಗಸರ ಮೇಲೆ ನಡೆದ ದೊಡ್ಡ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ರೋಗ ಚುರುಕಾಗಿದ್ದವರನ್ನಷ್ಟೇ ನೋಡಿದರೆ, 200 ಮಿಲಿಗ್ರಾಂ ತಗೊಂಡವರ ಪೈಕಿ ಶೇ. 51 ಮಂದಿ ಪ್ರೆಡ್ನಿಸೋನ್ 7.5 ಮಿಲಿಗ್ರಾಂಗೆ ಅಥವಾ ಅದಕ್ಕೂ ಕೆಳಗೆ ಇಳಿಸಿ ಅಲ್ಲೇ ನಿಲ್ಲಿಸಿಕೊಂಡರು. ಚೆನ್ನಾಗಿದೆ ಅಲ್ವಾ? ಆದರೆ ಔಷಧವೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲೂ ಶೇ. 29 ಮಂದಿಗೆ ಇದು ಸಾಧ್ಯವಾಗಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಲೂಪಸ್ ಔಷಧ ಅಂತ ಒಪ್ಪಲೇ ಇಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2007ರ ಕಾಕ್ರನ್ ವಿಮರ್ಶೆಯೂ ದಿನನಿತ್ಯದ ಬದುಕಿನಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ ಎಂದಷ್ಟೇ ಹೇಳಿತು. ಇದನ್ನೆಲ್ಲ ತಿಳಿದುಕೊಂಡೇ ನಾನು ಒಪ್ಪಿದ್ದು.

ಡಿಎಚ್‌ಇಎ 25 ಮಿಲಿಗ್ರಾಂನಿಂದ ಶುರು, ಬೆಳಗಿನ ತಿಂಡಿಯ ನಂತರ. ನಿಧಾನವಾಗಿ 50, ಆಮೇಲೆ 100. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಒಂದು ದಿನವೂ ಬಿಡಲಿಲ್ಲ, ಲೂಪಸ್‌ಗೆ ಅದೇ ಅಡಿಪಾಯ. ಡಬ್ಬಿಯ ಮೇಲೆ ಯುಎಸ್‌ಪಿ (ಗುಣಮಟ್ಟ ಪರೀಕ್ಷೆಯ) ಮುದ್ರೆ ಇರುವುದನ್ನೇ ಕೊಳ್ಳುತ್ತೇನೆ, ಯಾಕಂದ್ರೆ ಸಪ್ಲಿಮೆಂಟ್‌ಗಳಲ್ಲಿ ಲೇಬಲ್ ಮೇಲಿನ ಲೆಕ್ಕಕ್ಕೂ ಒಳಗಿರುವುದಕ್ಕೂ ತಾಳೆಯಾಗುತ್ತೆ ಅನ್ನುವ ಖಾತ್ರಿ ಇಲ್ಲ. ಮಲಗುವ ಮುಂಚೆ ಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತಿದ್ದೆ: ಬೆಳಗ್ಗೆ ಮುಷ್ಟಿ ಪೂರ್ತಿ ಕಟ್ಟಲು ಆಯಿತಾ, ಮಧ್ಯಾಹ್ನ ಮಲಗಬೇಕಾಯಿತಾ, ಸ್ಟಿರಾಯ್ಡ್ ಎಷ್ಟು.

ಮೊದಲು ಏನೂ ಗೊತ್ತಾಗುವುದಿಲ್ಲ. ಕೆಲವು ತಿಂಗಳ ಮೇಲೆ ಆ ಸಾಲುಗಳಲ್ಲಿ "ಮಲಗಲಿಲ್ಲ" ಅನ್ನುವುದು ಜಾಸ್ತಿಯಾಗತೊಡಗಿತು. ಆಗ ಡಾಕ್ಟರು ಪ್ರೆಡ್ನಿಸೋನನ್ನು ಒಂದೊಂದೇ ಮಿಲಿಗ್ರಾಂ ಇಳಿಸಲು ಹೇಳಿದರು. ಒಂದು ಮೆಟ್ಟಿಲು ಇಳಿದ ಮೇಲೆ ವಾರಗಟ್ಟಲೆ ಅಲ್ಲೇ ನಿಂತು ನೋಡಿ, ಗಂಟುಗಳು ಸುಮ್ಮನಿದ್ದರೆ ಮಾತ್ರ ಮುಂದಿನದು.

100 ಮಿಲಿಗ್ರಾಂನಲ್ಲಿ ಗದ್ದದ ಅಂಚಿನುದ್ದಕ್ಕೂ ಗಟ್ಟಿ ಮೊಡವೆಗಳು ಬಂದವು. ಮುಟ್ಟಿದರೆ ನೋವು, ಒಣಗಿದರೆ ಕಪ್ಪು ಕಲೆ. ತುಟಿಯ ಮೇಲೆ ಕೂದಲೂ ದಪ್ಪವಾಯಿತು. ಇದರಿಂದ ಮನಸ್ಸಿಗೆ ನಿಜಕ್ಕೂ ಕಷ್ಟವಾಗುತ್ತದೆ, ಸಣ್ಣ ವಿಷಯ ಅಂತ ಯಾರೂ ತಳ್ಳಿಹಾಕಬಾರದು. ಅದಕ್ಕಿಂತ ಯೋಚಿಸಬೇಕಾದ್ದು ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, ಇಳಿದದ್ದು. ಲೂಪಸ್ ಇರುವವರಿಗೆ ಹೃದಯದ ಕಾಯಿಲೆಯ ಭಯ ಮೊದಲೇ ಜಾಸ್ತಿ. ಹಾಗಾಗಿ 50ಕ್ಕೆ ವಾಪಸ್ ಬಂದೆವು. ಮೊಡವೆ ಕಡಿಮೆಯಾಯಿತು, ಸುಸ್ತು ಮಾತ್ರ ಮೊದಲಿನಷ್ಟು ಮರಳಲಿಲ್ಲ. ಈಗ ಪ್ರೆಡ್ನಿಸೋನ್ 5ರಲ್ಲಿದೆ. ಇದರಲ್ಲಿ ಡಿಎಚ್‌ಇಎ ಪಾಲು ಎಷ್ಟು, ನಿಧಾನವಾಗಿ ಇಳಿಸಿದ್ದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾರೆ.

ನನಗೆ ಕಿಡ್ನಿಯ ತೊಂದರೆ ಇರಲಿಲ್ಲ. ಕಿಡ್ನಿಗೋ ಮೆದುಳಿಗೋ ಲೂಪಸ್ ತಗುಲಿದವರು ಇದನ್ನು ನೆಚ್ಚಿಕೊಂಡು ಕೂರಲೇಬಾರದು.

ಭಾರತಕ್ಕೆ, ಊರಿಗೆ ಹೊರಟಾಗ "ಬರುವಾಗ ಎರಡು ಡಬ್ಬಿ ತಗೊಂಡು ಬಾ" ಅಂತ ಕೇಳುವವರಿದ್ದಾರೆ. ನಾನು ತರುವುದಿಲ್ಲ. ನಮ್ಮಲ್ಲಿ ಐವಿಎಫ್ ಕ್ಲಿನಿಕ್‌ಗಳು ಅಂಡಾಣುವಿನ ಗುಣಮಟ್ಟ ಹೆಚ್ಚಲೆಂದು ಇದನ್ನು ಬರೆದುಕೊಡುತ್ತವೆ, ಹಾಗಾಗಿ ಅಲ್ಲಿನ ಡಾಕ್ಟರಿಗೂ ಹೊಸದೇನಲ್ಲ. ಆಂಟಿಬಾಡಿ ಮತ್ತು ಕೊಲೆಸ್ಟ್ರಾಲ್ ರಿಪೋರ್ಟ್ ಹಿಡಿದು ಮೊದಲು ನಿಮ್ಮ ರುಮಟಾಲಜಿಸ್ಟ್ ಹತ್ತಿರ ಹೋಗಿ.